ಅಕ್ಯುಪ್ರೆಶರ್ ಉಪಕರಣ: "ಜೋರಾಗಿ ಒತ್ತಿ" ಅಂದ್ರೆ ಎಷ್ಟು ಜೋರು?

ಕೈಮರ
ಕೈಯಲ್ಲಿ ಹಿಡಿದು ಒತ್ತೋ ಉಪಕರಣಗಳ ಬಗ್ಗೆ ಕೇಳ್ತಿದ್ದೀನಿ. ಮರದ ಜಿಮ್ಮಿ ಅಂತಾರಲ್ಲ, ಅದೇ. ಒಂದು ತುದಿ ಚೂಪು, ಇನ್ನೊಂದು ಗುಂಡು, ಮಧ್ಯ ಗೀರು ಕೊರೆದ ಹಿಡಿ. ಜೊತೆಗೆ ಕೊಡೋ ಚಾರ್ಟ್‌ನಲ್ಲಿ ಅಂಗೈ, ಅಂಗಾಲು ತುಂಬ ಬಣ್ಣದ ಚುಕ್ಕೆಗಳು. ಬಳಸೋದು ಹೇಗೆ ಅಂತ ನೋಡಿದ್ರೆ ಒಂದೇ ಸಾಲು: ಜೋರಾಗಿ ಒತ್ತಿ, ನೋವಾದ್ರೆ ಒಳ್ಳೆಯದು.
ಜೋರು ಅಂದ್ರೆ ಎಷ್ಟು? ಎಷ್ಟು ಹೊತ್ತು? ಯಾವ ತುದಿ ಯಾವ ಜಾಗಕ್ಕೆ? ಒತ್ತಿದ ಕಡೆ ನೀಲಿಗಟ್ಟಿದ್ರೆ "ವಿಷ ಹೊರಗೆ ಬರ್ತಿದೆ" ಅಂತಾರಲ್ಲ, ಅದು ನಿಜವಾ? ಕಂಪ್ಯೂಟರ್ ಮುಂದೆ ಕೂತು ಬರೋ ಕತ್ತು-ಭುಜದ ಬಿಗಿತ, ತಲೆನೋವು, ಪ್ರಯಾಣದ ವಾಕರಿಕೆ, ಇಷ್ಟಕ್ಕೆ ದಿನಾ ಬಳಸೋ ಹಾಗಿದ್ರೆ ಸಾಕು. ಗೊತ್ತಿರೋರು ಬಿಡಿಸಿ ಹೇಳಿ.

ನರನಾಡಿ
ನೀಲಿಗಟ್ಟೋದು ವಿಷ ಅಲ್ಲ, ಚರ್ಮದ ಕೆಳಗಿನ ಸಣ್ಣ ರಕ್ತನಾಳ ಒಡೆದಿರೋದು. ಅಷ್ಟೇ. ಬಣ್ಣ ಪೂರ್ತಿ ಹೋಗೋ ತನಕ, ಅಂದ್ರೆ ಒಂದೆರಡು ವಾರ, ಆ ಜಾಗ ಮುಟ್ಟಬಾರದು.

ಮೊಂಡುತುದಿ
ಚಾರ್ಟ್ ಬರೆದೋರು ಒತ್ತಡದ ಲೆಕ್ಕ ಹಾಕಿಲ್ಲ. ಮುಖ್ಯ ಆಗೋದು ನೀವು ಹಾಕೋ ಬಲ ಒಂದೇ ಅಲ್ಲ, ಅದು ಎಷ್ಟು ಜಾಗದ ಮೇಲೆ ಬೀಳುತ್ತೆ ಅನ್ನೋದೂ. ತುದಿಯ ಅಡ್ಡಳತೆ 5 ಮಿ.ಮೀ. ಇದ್ದು 2 ಕಿಲೋ ಭಾರ ಹಾಕಿದ್ರೆ ಒಂದು ಚದರ ಸೆಂ.ಮೀ.ಗೆ ಸುಮಾರು 10 ಕಿಲೋ ಲೆಕ್ಕ. ಅದೇ 2 ಕಿಲೋ 12 ಮಿ.ಮೀ. ತುದಿ ಮೇಲೆ ಹಾಕಿದ್ರೆ 1.8 ಕಿಲೋಗೂ ಕಡಿಮೆ. ಕೈಗೆ ಎರಡೂ ಒಂದೇ ಬಲ ಅನಿಸುತ್ತೆ, ಚರ್ಮಕ್ಕೆ ಬೀಳೋ ಒತ್ತಡ ಆರು ಪಟ್ಟು ಹತ್ತಿರ ಬೇರೆ. ನೀಲಿಗಟ್ಟೋದೆಲ್ಲ ಹೆಚ್ಚುಕಮ್ಮಿ ಚೂಪು ತುದಿಯಿಂದಲೇ.
ಬಲ ಅಳೆಯೋಕೆ ಅಡುಗೆಮನೆ ತಕ್ಕಡಿ ಸಾಕು. ಡಿಜಿಟಲ್ ತಕ್ಕಡಿ ಮೇಲೆ ಮಡಚಿದ ಬಟ್ಟೆ ಹಾಕಿ, ಉಪಕರಣವನ್ನ ಮಾಮೂಲಿ ಹಿಡಿಯೋ ಹಾಗೆ ಹಿಡಿದು ಒತ್ತಿ. 1 ಕಿಲೋ, 2 ಕಿಲೋ, 3 ಕಿಲೋ ಕೈಗೆ ಹೇಗೆ ತಿಳಿಯುತ್ತೆ ಅಂತ ನಾಲ್ಕೈದು ಸಲ ನೋಡ್ಕೊಳ್ಳಿ. ಆಮೇಲೆ ಅಂಗೈ, ಮಣಿಕಟ್ಟಿಗೆ ಗುಂಡು ತುದಿಯಲ್ಲಿ 1ರಿಂದ 1.5 ಕಿಲೋ. ಭುಜದ ಮೇಲಿನ ಮಾಂಸಖಂಡಕ್ಕೆ 2ರಿಂದ 3. ಅದಕ್ಕಿಂತ ಹೆಚ್ಚು ಬೇಕು ಅನಿಸ್ತಿದ್ರೆ ಜಾಗ ತಪ್ಪಿದೆ, ಇಲ್ಲಾ ಕೋನ ತಪ್ಪಿದೆ.

ಸಂದೇಹಿ
ಗುಂಡು ತುದಿಗೆ ಈ ಲೆಕ್ಕ ನೇರ ಹೊಂದಲ್ಲ. ಗೋಳದ ತುದಿ ಮೊದಲು ಮುಟ್ಟೋದು ಒಂದು ಚುಕ್ಕಿಯಷ್ಟು. ಮಾಂಸದೊಳಗೆ ಇಳಿದ ಹಾಗೆ ತಗಲೋ ಜಾಗ ದೊಡ್ಡದಾಗುತ್ತೆ. ಮೂಳೆ ಮೇಲೆ ಇಳಿಯೋಕೆ ಜಾಗವೇ ಇಲ್ಲ, ಅದಕ್ಕೇ ಅಲ್ಲಿ ಗುಂಡು ತುದಿನೂ ಚುಚ್ಚುತ್ತೆ.

ಮೊಂಡುತುದಿ
ಒಪ್ಪಿದೆ. ಅದಕ್ಕೇ ನಿಧಾನವಾಗಿ ಇಳಿಸಿ ಅನ್ನೋದು. ಐದು ಸೆಕೆಂಡ್ ತಗೊಂಡು ಒತ್ತಡ ಏರಿಸಿ, 20–30 ಸೆಕೆಂಡ್ ಹಿಡಿದಿಡಿ, ಐದು ಸೆಕೆಂಡ್ ತಗೊಂಡು ಬಿಡಿ. ಮೂರು ಸಲ ಮಾಡಿ. ಒಂದು ಬಿಂದುವಿಗೆ ಒಟ್ಟು ಎರಡು ನಿಮಿಷ ದಾಟಬಾರದು, ದಿನಕ್ಕೆ ಎರಡು ಹೊತ್ತು ಸಾಕು. ನೋವನ್ನ ಹತ್ತಕ್ಕೆ ಅಳೆದರೆ ಐದು. ಮುಖ ಕಿವುಚೋ ಹಾಗಾದ್ರೆ, ಉಸಿರು ಬಿಗಿ ಹಿಡಿಯೋ ಹಾಗಾದ್ರೆ ಅದು ಆಗಲೇ ಎಂಟು. ಆಗ ಮಾಂಸಖಂಡ ಸಡಿಲ ಆಗೋ ಬದಲು ಇನ್ನೂ ಬಿಗಿ ಹಿಡಿಯುತ್ತೆ. ಮಾಡಿದ್ದೆಲ್ಲ ನೀರಲ್ಲಿ ಹೋಮ.

ಕೈಮರ
ಒತ್ತಿ ಹಿಡಿಯೋದಾ, ಗುಂಡಗೆ ತಿರುಗಿಸೋದಾ?

ಕೀಲುಗಂಟು
ಎರಡೂ ನಡೆಯುತ್ತೆ. ಆದ್ರೆ ತಿರುಗಿಸೋವಾಗ ತುದಿ ಚರ್ಮದ ಮೇಲೆ ಜಾರಬಾರದು, ಚರ್ಮವೂ ತುದಿಯೂ ಒಟ್ಟಿಗೆ ತಿರುಗಬೇಕು. ಜಾರಿದ್ರೆ ತರಚುತ್ತೆ, ಮಾರನೇ ದಿನ ಉರಿ. ಒತ್ತೋ ಕೆಲಸಕ್ಕೆ ಎಣ್ಣೆ ಹಚ್ಚಲೇಬೇಡಿ. ಜಾರಿ ಪಕ್ಕದ ಮೂಳೆಗೋ ನರಕ್ಕೋ ಹೋಗಿ ಬಡಿಯುತ್ತೆ.
ಹಿಡಿಯೋ ರೀತಿನೂ ಮುಖ್ಯ, ಅದನ್ನ ಯಾರೂ ಹೇಳಲ್ಲ. ಪೆನ್ನಿನ ಹಾಗೆ ಬೆರಳ ತುದಿಯಲ್ಲಿ ಹಿಡಿದು ಒತ್ತಿದ್ರೆ ಪೂರ್ತಿ ಭಾರ ಹೆಬ್ಬೆರಳ ಬುಡದ ಕೀಲಿಗೆ ಬೀಳುತ್ತೆ. ಆ ಕೀಲು ಉಳಿಸೋಕೆ ತಾನೇ ಉಪಕರಣ? ಹಿಡಿಯ ಹಿಂತುದಿ ಅಂಗೈ ಮಧ್ಯಕ್ಕೆ ಕೂರಲಿ, ತೋರುಬೆರಳು ಉದ್ದಕ್ಕೆ ಚಾಚಿ ದಿಕ್ಕು ತೋರಿಸಲಿ, ಮಣಿಕಟ್ಟು ನೆಟ್ಟಗಿರಲಿ. ಒತ್ತೋ ಬಲ ಭುಜದಿಂದ, ಮೈಯ ವಾಲಿನಿಂದ ಬರಬೇಕು. ಕಾಲಿಗೆ ಒತ್ತೋವಾಗ ಮುಂದಕ್ಕೆ ಬಾಗಿದ್ರೆ ಸಾಕು, ಕೈಗೆ ಕೆಲಸವೇ ಇಲ್ಲ.

ಮಣಿಕಟ್ಟು
ವಾಕರಿಕೆ ಬಿಂದು ನಾನು ಹೇಳ್ತೀನಿ, ಏನಕ್ಕೆ ಅಂದ್ರೆ ಚಾರ್ಟ್‌ಗಳು ಇದನ್ನ ಕೆಡಿಸಿಟ್ಟಿವೆ. ಬಿಂದುಗಳಿಗೆ ಅಕ್ಷರ-ಅಂಕಿಯ ಗುರುತು ಇರುತ್ತಲ್ಲ, ಅದರಲ್ಲಿ ಇದರ ಹೆಸರು ಪಿಸಿ 6, ಚೀನೀ ಹೆಸರು ನೇಯ್‌ಗ್ವಾನ್. ಅಂಗೈ ಮೇಲೆ ಮಾಡಿ. ಮಣಿಕಟ್ಟಿನ ಮಡಿಕೆಗೆ ಇನ್ನೊಂದು ಕೈಯ ಮೂರು ಬೆರಳು ಅಡ್ಡ ಇಡಿ: ತೋರು, ಮಧ್ಯ, ಉಂಗುರ. ಆ ಮೂರರ ಅಗಲ ದಾಟಿದ ಕಡೆ, ಎರಡು ಸ್ನಾಯುರಜ್ಜುಗಳ ನಡುವಿನ ಹಳ್ಳದಲ್ಲಿ ಬಿಂದು. ಬೇರೆ ಲೆಕ್ಕ ಬೇಕಾ? ಮಣಿಕಟ್ಟಿನ ಮಡಿಕೆಯಿಂದ ಮೊಣಕೈ ಮಡಿಕೆಗೆ 12 ತ್ಸುನ್ (ಅವರವರ ಮೈ ಅಳತೆಗೆ ತಕ್ಕ ಚೀನೀ ಅಳತೆ). ಬಿಂದು ಇರೋದು 2 ತ್ಸುನ್‌ಗೆ, ಅಂದ್ರೆ ಆರನೇ ಒಂದು ಭಾಗ. ಮುಂಗೈ ಉದ್ದ 24 ಸೆಂ.ಮೀ. ಇದ್ರೆ 4 ಸೆಂ.ಮೀ.
ಎರಡು ರಜ್ಜು ಕಾಣ್ತಿಲ್ಲ ಅಂತ ಗಾಬರಿ ಬೇಡ. ಹೆಬ್ಬೆರಳು-ಕಿರುಬೆರಳು ಜೋಡಿಸಿ ಮಣಿಕಟ್ಟು ಸ್ವಲ್ಪ ಮಡಚಿ. ಮಧ್ಯದ ರಜ್ಜು ಎದ್ದು ಬರಬೇಕು. ಕೆಲವರಿಗೆ ಹುಟ್ಟಿನಿಂದಲೇ ಅದು ಇರಲ್ಲ. ಅಂಥವರು ಹೆಬ್ಬೆರಳ ಕಡೆಯ ದಪ್ಪ ರಜ್ಜು ಹುಡುಕಿ, ಅದರ ಕಿರುಬೆರಳ ಕಡೆಯ ಅಂಚಿಗೆ ಒತ್ತಿದ್ರೆ ಆಯ್ತು.

ನರನಾಡಿ
ಒಂದು ಸೇರಿಸ್ತೀನಿ. ಆ ಬಿಂದುವಿನ ಕೆಳಗೇ ಬೆರಳುಗಳಿಗೆ ಹೋಗೋ ಮೀಡಿಯನ್ ನರ ಇದೆ. ಬೆರಳುಗಳಿಗೆ ಜುಮ್ ಅಂತ ಹರಿದ್ರೆ "ಶಕ್ತಿ ಹರೀತಿದೆ" ಅಂತ ಖುಷಿ ಪಡಬೇಡಿ, ನರ ಒತ್ತಿಕೊಂಡಿದೆ ಅಂತ ಅರ್ಥ. ಒತ್ತಡ ಇಳಿಸಿ, ತುದಿಯನ್ನ ಎರಡು ಮಿ.ಮೀ. ಪಕ್ಕಕ್ಕೆ ಸರಿಸಿ. ಮಣಿಕಟ್ಟಿನ ನರ ಮೊದಲೇ ಒತ್ತಿಕೊಂಡು ರಾತ್ರಿ ಕೈ ಜೋಮು ಹಿಡಿಯೋರು ಆ ಕೈಗೆ ಉಪಕರಣ ಹಾಕಲೇಬಾರದು.

ಪಾದಚಾರಿ
ಪ್ರಯಾಣಕ್ಕೆ ಜಿಮ್ಮಿ ಯಾಕೆ, ಗುಂಡಿ ಇರೋ ಮಣಿಕಟ್ಟು ಪಟ್ಟಿ ಇದೆಯಲ್ಲ. ಹೊರಡೋ ಮುಂಚೆ ಎರಡೂ ಕೈಗೆ ಹಾಕ್ಕೊಂಡ್ರೆ ಮುಗೀತು.

ಮಣಿಕಟ್ಟು
ಗುಂಡಿ ಬಿಂದುವಿನ ಮೇಲೇ ಕೂತ್ರೆ ಮಾತ್ರ. ಪಟ್ಟಿ ಗಡಿಯಾರದ ಹಾಗೆ ಕೆಳಕ್ಕೆ ಜಾರಿ ಮಡಿಕೆ ಮೇಲೆ ಬಂದು ಕೂರುತ್ತೆ, ಎಲ್ಲರೂ "ಕೆಲಸ ಮಾಡಲ್ಲ" ಅಂತ ಬೈತಾರೆ. ಕೈ ಊದಿದ್ರೆ, ಬೆರಳು ತಣ್ಣಗಾದ್ರೆ ತೆಗೆದುಬಿಡಿ.

ಸಂದೇಹಿ
ಈಗ ಅಸಲಿ ಪ್ರಶ್ನೆ. ಇದಕ್ಕೆಲ್ಲ ಪುರಾವೆ ಏನು? ಅಂಗಾಲಲ್ಲಿ ಕಿಡ್ನಿ, ಅಂಗೈಯಲ್ಲಿ ಥೈರಾಯ್ಡ್... ಚಾರ್ಟ್ ನೋಡಿದ್ರೆ ಆಸ್ಪತ್ರೆಗೆ ಬೀಗ ಹಾಕಬಹುದು.

ಮಣಿಕಟ್ಟು
ಎಲ್ಲಾ ಒಂದೇ ಚೀಲಕ್ಕೆ ತುಂಬಬೇಡಿ. ಪಿಸಿ 6 ಮತ್ತು ವಾಕರಿಕೆ ವಿಷಯದಲ್ಲಿ ಪುರಾವೆ ಇದೆ. ಶಸ್ತ್ರಚಿಕಿತ್ಸೆ ನಂತರದ ವಾಂತಿ-ವಾಕರಿಕೆ ಬಗ್ಗೆ, ವೈದ್ಯಕೀಯ ಪುರಾವೆ ತೂಗಿ ನೋಡೋ ಕಾಕ್ರೇನ್ ಸಂಸ್ಥೆ 2015ರಲ್ಲಿ 59 ಪ್ರಯೋಗಗಳನ್ನ ಒಟ್ಟಿಗೆ ಪರಿಶೀಲಿಸಿತು. ಹೋಲಿಕೆಗೆ ಅಂತ ಮಾಡಿದ ಸುಳ್ಳು ಚಿಕಿತ್ಸೆಗಿಂತ ಲಾಭ ಕಾಣ್ತು, ಆದ್ರೆ ಸಾಕ್ಷ್ಯದ ಗುಣಮಟ್ಟ ಕಡಿಮೆ ಅಂತಲೂ ಅವರೇ ಬರೆದಿದ್ದಾರೆ. ಕತ್ತು-ಭುಜದ ಬಿಗಿತಕ್ಕೆ ಒತ್ತಿದ್ರೆ ಸ್ವಲ್ಪ ಹೊತ್ತು ಹಾಯ್ ಅನ್ಸುತ್ತೆ, ಅದಕ್ಕೆ ಮೈಯಲ್ಲಿ ಶಕ್ತಿ ಹರಿಯೋ ದಾರಿಗಳಿವೆ ಅನ್ನೋ ಮೆರಿಡಿಯನ್ ಸಿದ್ಧಾಂತ ನಂಬಲೇಬೇಕು ಅಂತೇನಿಲ್ಲ. ಥೈರಾಯ್ಡ್, ಸಕ್ಕರೆ ಕಾಯಿಲೆ, ಕಿಡ್ನಿ ಕಲ್ಲು? ಮರದ ಕಡ್ಡಿ ನಂಬಿ ಮಾತ್ರೆ ಬಿಡಬೇಡಿ.

ಹಳೇನಕ್ಷೆ
ಇನ್ನೊಂದು ಗೊಂದಲ ಬಿಡಿಸಬೇಕು. ಅಂಗಾಲಲ್ಲಿ ಅಂಗಾಂಗ ತೋರಿಸೋ ಚಾರ್ಟ್ ಅಕ್ಯುಪ್ರೆಶರ್‌ದೇ ಅಲ್ಲ, ರಿಫ್ಲೆಕ್ಸಾಲಜಿದು. ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ವಿಲಿಯಂ ಫಿಟ್ಜ್‌ಜೆರಾಲ್ಡ್ 1917ರ ಹೊತ್ತಿಗೆ ಮೈಯನ್ನ ಉದ್ದುದ್ದ ವಲಯಗಳಾಗಿ ಹಂಚಿದ್ರು. 1930ರ ದಶಕದಲ್ಲಿ ಯೂನಿಸ್ ಇಂಗ್‌ಹ್ಯಾಮ್ ಅದನ್ನ ಪಾದದ ನಕ್ಷೆ ಮಾಡಿದ್ರು. ಅಕ್ಯುಪ್ರೆಶರ್‌ನಲ್ಲಿ ಒತ್ತೋ ಅಕ್ಯುಪಂಕ್ಚರ್ ಬಿಂದುಗಳದ್ದು ಬೇರೆಯೇ ಲೋಕ. ವಿಶ್ವ ಆರೋಗ್ಯ ಸಂಸ್ಥೆ ಜಾಗ ಗೊತ್ತುಮಾಡಿ 2008ರಲ್ಲಿ ಪ್ರಕಟಿಸಿದ ಬಿಂದುಗಳು 361. ಅದರಲ್ಲಿ ನಡೆಯೋವಾಗ ನೆಲಕ್ಕೆ ತಗಲೋ ಅಂಗಾಲಿನ ತಳದಲ್ಲಿರೋದು ಒಂದೇ, ಕೆಐ 1. ಪೆಟ್ಟಿಗೆಯೊಳಗಿನ ಚಾರ್ಟ್ ಎರಡನ್ನೂ ಕಲಸಿ ಇಟ್ಟಿರುತ್ತೆ.

ಸಂದೇಹಿ
ಹಾಗಾದ್ರೆ "ಕಿಡ್ನಿ ಬಿಂದು ನೋಯ್ತಿದೆ, ಕಿಡ್ನಿ ತೋರಿಸ್ಕೊಳ್ಳಿ" ಅನ್ನೋದು ಬುರುಡೆ.

ಹಳೇನಕ್ಷೆ
ಬುರುಡೆನೇ. 5 ಮಿ.ಮೀ. ತುದಿ ಇಟ್ಟು ಒತ್ತಿದ್ರೆ ಅಂಗಾಲು ಎಲ್ಲಾದ್ರೂ ನೋಯುತ್ತೆ. "ಹರಳು ಕೂತಿದೆ, ಕರಗಿಸಬೇಕು" ಅನ್ನೋದೂ ಅದೇ ಜಾತಿ. ಕರಕರ ಅನ್ನೋದು ರಜ್ಜು, ಕೊಬ್ಬಿನ ಗಂಟು ತುದಿ ಕೆಳಗೆ ಜಾರೋ ಸದ್ದು.

ಭುಜಬಲ
ಕತ್ತು-ಭುಜಕ್ಕೆ ಬನ್ನಿ ಸ್ವಾಮಿ, ಅರ್ಧ ಜನ ಅದಕ್ಕೇ ಕೂತಿರೋದು. ಮೊದಲನೇ ಮಾತು, ಗಿಡ್ಡ ಜಿಮ್ಮಿ ಭುಜಕ್ಕೆ ಬೇಡ. ಕೈ ಎತ್ತಿ ಒತ್ತೋವಾಗ ಯಾವ ಮಾಂಸಖಂಡ ಸಡಿಲ ಆಗಬೇಕೋ ಅದೇ ಬಿಗಿ ಹಿಡಿದಿರುತ್ತೆ. ಕೊಕ್ಕೆ ಆಕಾರದ ಉದ್ದ ಕೋಲು ತಗೊಳ್ಳಿ. ಕೊಕ್ಕೆ ಎಡ ಭುಜದ ಹಿಂದಕ್ಕೆ ಹೋಗಲಿ, ಹಿಡಿ ಹೊಟ್ಟೆ ಮುಂದೆ ಇರಲಿ. ಎಡಗೈ ತೊಡೆ ಮೇಲೆ ಸುಮ್ಮನೆ ಬಿದ್ದಿರಲಿ, ಬಲಗೈಯಲ್ಲಿ ಹಿಡಿಯನ್ನ ಕೆಳಕ್ಕೆ-ಮುಂದಕ್ಕೆ ಎಳೆಯಿರಿ.
ಜಾಗ: ಕತ್ತು ಬಗ್ಗಿಸಿದಾಗ ಬುಡದಲ್ಲಿ ಎದ್ದು ಕಾಣೋ ಮೂಳೆ, ಭುಜದ ಹೊರತುದಿಯ ಮೂಳೆ, ಇವೆರಡರ ಸರಿ ನಡುವೆ. ಜಿಬಿ 21. ಕೊಕ್ಕೆ ತುದಿಯ ಗುಬ್ಬಿ, ಅಂದ್ರೆ ಒತ್ತೋ ಗುಂಡು, 12 ಮಿ.ಮೀ.ಗಿಂತ ಸಣ್ಣದಿರಬಾರದು. ಒತ್ತಿ ಹಿಡಿದು ಉದ್ದಕ್ಕೆ ಉಸಿರು ಬಿಡ್ತಾ ಹೋದ್ರೆ 30–60 ಸೆಕೆಂಡಿನಲ್ಲಿ ಕೆಳಗಿನ ಗಂಟು ಮೆತ್ತಗಾಗೋದು ತುದಿಗೇ ತಿಳಿಯುತ್ತೆ. 90 ಸೆಕೆಂಡ್ ಆದ್ರೂ ಜಗ್ಗದಿದ್ರೆ ಬಿಟ್ಟುಬಿಡಿ, ಅವತ್ತು ಅದು ಬಿಡಲ್ಲ. ಹಟ ಹಿಡಿದ್ರೆ ನಾಳೆ ಇನ್ನೂ ನೋವು.
ಬಿಟ್ಟ ಮೇಲೆ ಭುಜವನ್ನ ಹಿಂದಕ್ಕೆ ಹತ್ತು ಸುತ್ತು ತಿರುಗಿಸಿ, ಕಿವಿಯನ್ನ ಆಚೆ ಭುಜದ ಕಡೆ ವಾಲಿಸಿ 20 ಸೆಕೆಂಡ್ ಇರಿ. ಇದನ್ನ ಬಿಟ್ರೆ ಅರ್ಧ ಗಂಟೆಯಲ್ಲಿ ಬಿಗಿತ ವಾಪಸ್.

ನರನಾಡಿ
ಕತ್ತಿನ ಮುಂಭಾಗ, ಪಕ್ಕ ಮುಟ್ಟಬೇಡಿ ಅಂತ ದೊಡ್ಡಕ್ಷರದಲ್ಲಿ ಬರೆಯಿರಿ. ದವಡೆ ಮೂಲೆ ಕೆಳಗೆ ನಾಡಿ ಬಡಿಯೋ ಜಾಗದಲ್ಲಿ, ತಲೆಗೆ ರಕ್ತ ಒಯ್ಯೋ ನಾಳದಲ್ಲಿ ಕೆರೋಟಿಡ್ ಸೈನಸ್ ಅನ್ನೋ ಭಾಗ ಇದೆ. ಒತ್ತಿದ್ರೆ ಎದೆಬಡಿತ ನಿಧಾನ ಆಗಿ, ರಕ್ತದೊತ್ತಡ ಇಳಿದು ತಲೆ ಸುತ್ತಿ ಬೀಳಬಹುದು. ವಯಸ್ಸಾದವರಿಗೆ ಆ ರಕ್ತನಾಳದೊಳಗೆ ಕೊಬ್ಬಿನ ಪದರ ಕಟ್ಟಿದ್ರೆ ಅಪಾಯ ಇನ್ನೂ ಜಾಸ್ತಿ. ಹಿಂದೆ, ತಲೆಬುರುಡೆ ಅಂಚಿನ ಕೆಳಗೆ, ಎರಡು ದಪ್ಪ ಮಾಂಸಖಂಡಗಳ ಹೊರಗಿನ ಹಳ್ಳ ಇದೆಯಲ್ಲ, ಅದೇ ಜಿಬಿ 20. ಒತ್ತೋದು ಅಲ್ಲಿ. ಮೊಂಡು ತುದಿ, ಮೇಲ್ಮುಖವಾಗಿ, ಎದುರು ಬದಿಯ ಕಣ್ಣಿನ ದಿಕ್ಕಿಗೆ. 1 ಕಿಲೋ ಸಾಕೋ ಸಾಕು.

ಪಾದಚಾರಿ
ಮಲಗಿ ಕತ್ತಿನ ಕೆಳಗೆ ಇಟ್ಟುಕೊಳ್ಳೋ ಎರಡು ಗುಬ್ಬಿ ಉಪಕರಣ ಹೇಗೆ? 20 ನಿಮಿಷ ಅಂತ ಬರೆದಿರ್ತಾರೆ.

ಭುಜಬಲ
ತಲೆ ತೂಕ 4.5–5 ಕಿಲೋ. ಅಷ್ಟೂ ಎರಡು ಗುಬ್ಬಿ ಮೇಲೆ 20 ನಿಮಿಷ ಬಿಟ್ರೆ ಎದ್ದಾಗ ತಲೆನೋವು ಗ್ಯಾರಂಟಿ. ಮೇಲೆ ಮಡಚಿದ ಟವೆಲ್ ಹಾಕಿ, ತಲೆಯ ಹಿಂಭಾಗಕ್ಕೆ ತೆಳು ದಿಂಬು ಕೊಟ್ಟು ಭಾರ ಹಂಚಿ, ಎರಡರಿಂದ ಐದು ನಿಮಿಷ. ತಲೆ ಆಕಡೆ ಈಕಡೆ ಹೊರಳಿಸೋದು ಬೇಡ.

ಗುದ್ದುಯಂತ್ರ
ಇಷ್ಟೆಲ್ಲ ತಾಪತ್ರಯ ಯಾಕೆ, ಮಸಾಜ್ ಗನ್ ತಗೊಳ್ಳಿ. ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತೆ.

ಭುಜಬಲ
ತೊಡೆಗೆ, ಪೃಷ್ಠಕ್ಕೆ ಧಾರಾಳವಾಗಿ. ಅದು ನಿಮಿಷಕ್ಕೆ ಎರಡು-ಮೂರು ಸಾವಿರ ಸಲ ಗುದ್ದೋ ಯಂತ್ರ, ಒಂದು ಚುಕ್ಕೆ ಮೇಲೆ ಹಿಡಿದಿಡೋಕೆ ಮಾಡಿದ್ದಲ್ಲ. ಬುಲೆಟ್ ತಲೆ ಸಿಕ್ಕಿಸಿ ಕತ್ತಿಗೆ, ಮಣಿಕಟ್ಟಿಗೆ ಇಡೋರನ್ನ ನೋಡಿದ್ರೆ ಮೈ ಉರಿಯುತ್ತೆ.

ಗುದ್ದುಯಂತ್ರ
ಕತ್ತಿಗೆ ಇಡಿ ಅಂತ ಯಾರು ಹೇಳಿದ್ರು? ನಾನು ಹೇಳಿದ್ದು ಭುಜಕ್ಕೆ.

ಮೇಲ್ವಿಚಾರಕ
ಗನ್ ಚರ್ಚೆಗೆ ಬೇರೆ ಎಳೆ ತೆರೆಯಿರಿ ದಯವಿಟ್ಟು.

ಕೈಮರ
ತಲೆನೋವಿಗೆ ಹೆಬ್ಬೆರಳು-ತೋರುಬೆರಳ ನಡುವಿನ ಬಿಂದು ಅಂತಾರಲ್ಲ, ಅಲ್ಲಿಗೆ ಚೂಪು ತುದಿನಾ?

ಕೀಲುಗಂಟು
ಅದು ಎಲ್‌ಐ 4, ಹೆಗು. ಎಲ್ಲರೂ ಬೆರಳ ನಡುವಿನ ತೆಳು ಚರ್ಮವನ್ನೇ ಹಿಂಡ್ತಾರೆ, ಬಿಂದು ಅಲ್ಲಿಲ್ಲ. ತೋರುಬೆರಳಿಗೆ ಸೇರಿದ ಅಂಗೈ ಮೂಳೆಯ ಉದ್ದದ ಮಧ್ಯಕ್ಕೆ ಬನ್ನಿ, ಹೆಬ್ಬೆರಳ ಕಡೆಯ ಅಂಚು. ಎರಡೂ ಬೆರಳು ಜೋಡಿಸಿದಾಗ ಕೈಯ ಹಿಂಬದಿಯಲ್ಲಿ ಉಬ್ಬೋ ಮಾಂಸದ ನೆತ್ತಿ ಹತ್ತಿರ ಹತ್ತಿರ ಅದೇ. ಗುಂಡು ತುದಿ ಇಟ್ಟು, ಬೆರಳು ಸಡಿಲ ಬಿಟ್ಟು, ನೇರ ಕೆಳಕ್ಕೆ ಅಲ್ಲ, ತೋರುಬೆರಳ ಮೂಳೆಯ ಕಡೆ ವಾಲಿಸಿ ಒತ್ತಿ. ಮಂದವಾದ, ಭಾರವಾದ ನೋವು ಬಂದ್ರೆ ಜಾಗ ಸರಿ. ಚುರುಕ್ ಅಂದ್ರೆ ಚರ್ಮ ಸಿಕ್ಕಿಕೊಂಡಿದೆ.
ಹಾಗಾದ್ರೆ ಚೂಪು ತುದಿ ಯಾತಕ್ಕೆ ಅಂದ್ರೆ, ಅಂಗಾಲಿನ ದಪ್ಪ ಚರ್ಮಕ್ಕೆ, ಬೆರಳ ತುದಿಗಳಿಗೆ. ಅದೂ ಹಗುರವಾಗಿ, ಎರಡು-ಮೂರು ಸೆಕೆಂಡ್ ಒತ್ತಿ ಬಿಡೋದು. ನನ್ನ ಕೇಳಿದ್ರೆ ಆ ತುದಿ ಇಲ್ಲದಿದ್ರೂ ನಷ್ಟ ಇಲ್ಲ.

ತಾಯಿಬೇರು
ಬಸುರಿಯರು ಎಲ್‌ಐ 4, ಜಿಬಿ 21, ಒಳಗಿನ ಕಾಲ್ಗಿಣ್ಣಿನಿಂದ ನಾಲ್ಕು ಬೆರಳು ಮೇಲಿರೋ ಎಸ್‌ಪಿ 6, ಈ ಮೂರನ್ನ ಬಿಡಬೇಕು. ಇವು ಹೆರಿಗೆ ನೋವು ತರಿಸ್ತವೆ ಅನ್ನೋಕೆ ಗಟ್ಟಿ ಸಾಕ್ಷ್ಯ ಇಲ್ಲ ಅಂತ ವಾದ ಮಾಡೋರು ಇದ್ದಾರೆ, ಸರಿಯೇ. ಆದ್ರೆ ಪರಂಪರೆಯೇ ಬೇಡ ಅಂದಿರೋ ಜಾಗವನ್ನ ಒತ್ತಿ ನೋಡೋ ಚಪಲ ಯಾಕೆ? ಬೆಳಗಿನ ವಾಕರಿಕೆಗೆ ಪಿಸಿ 6 ಇದೆ.

ನರನಾಡಿ
ಪಟ್ಟಿ ಮುಗಿಸಿಬಿಡ್ತೀನಿ. ರಕ್ತ ತೆಳು ಮಾಡೋ ಮಾತ್ರೆ, ಅಂದ್ರೆ ವಾರ್ಫರಿನ್, ಕ್ಲೋಪಿಡೋಗ್ರೆಲ್ ಥರದ್ದು ತಗೊಳ್ಳೋರು: ವೈದ್ಯರನ್ನ ಕೇಳದೆ ಬೇಡ. ತುಂಬಾ ಕಾಲ ಸ್ಟೀರಾಯ್ಡ್ ತಗೊಂಡು ಚರ್ಮ ತೆಳುವಾದವರು: ಬೇಡ. ಮೂಳೆ ಸವೆತ ಇರೋರು: ಪಕ್ಕೆಲುಬು, ಬೆನ್ನುಮೂಳೆ ಮೇಲೆ ಬೇಡ. ಉಬ್ಬಿದ ಸಿರೆ, ಗಾಯ, ಊತದ ಮೇಲೆ ಬೇಡ. ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯ್ತಿದ್ರೆ ಒಳಗಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನ ಒತ್ತದೆ ಸೀದಾ ಆಸ್ಪತ್ರೆಗೆ. ಎದೆನೋವು ಎಡಗೈಗೆ ಹರೀತಿದ್ರೂ, ಹಿಂದೆಂದೂ ಬಾರದಂಥ ತಲೆನೋವು ಹಠಾತ್ತನೆ ಬಡಿದ್ರೂ ಅದೇ ಮಾತು.
ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆ ಆದವರಿಗೆ ಮುಳ್ಳಿನ ರೋಲರ್ ಕೊಡಲೇಬೇಡಿ. ಗಾಯ ಆದದ್ದು ಅವರಿಗೆ ಗೊತ್ತೇ ಆಗಲ್ಲ.

ಪಾದಚಾರಿ
ರೋಲರ್ ಮಾತು ಬಂತಲ್ಲ. ಹಿಮ್ಮಡಿ ನೋವಿಗೆ ಹಿಮ್ಮಡಿ ಮೂಳೆ ಮೇಲೇ ಗುಬ್ಬಿ ಇಟ್ಟು ಜಜ್ಜೋದು ತಪ್ಪು. ಅಲ್ಲಿ ಪಾದದ ಪಟ್ಟಿ ಮೂಳೆಗೆ ಅಂಟಿಕೊಂಡಿರೋ ಜಾಗ ಕೆರಳಿರುತ್ತೆ, ಮತ್ತೆ ಕೆರಳಿಸಿದ ಹಾಗಾಗುತ್ತೆ. ಕೂತುಕೊಂಡು ಪಾದದ ಕಮಾನಿನ ಉದ್ದಕ್ಕೆ ರೋಲರ್ ನಿಧಾನವಾಗಿ ಒಂದೆರಡು ನಿಮಿಷ ಉರುಳಿಸಿ, ಆಮೇಲೆ ಮೀನಖಂಡ ಎಳೆಯೋ ವ್ಯಾಯಾಮ ಮಾಡಿ. ನಿಂತು ಪೂರ್ತಿ ಭಾರ ಹಾಕೋದು ಬೇಡ. ರೋಲರ್ ಜಾರಿ ಬಿದ್ರೆ ಹಿಮ್ಮಡಿ ಬಿಟ್ಟು ಸೊಂಟದ ಚಿಂತೆ ಶುರುವಾಗುತ್ತೆ.
ಮಂಡಿ ಕೆಳಗಿನ ಎಸ್‌ಟಿ 36 ಒತ್ತೋರೂ ನೋಡ್ಕೊಳ್ಳಿ. ಮಂಡಿಚಿಪ್ಪಿನ ಕೆಳ ಅಂಚಿನ ಹೊರಬದಿಯ ಹಳ್ಳದಿಂದ ನಾಲ್ಕು ಬೆರಳು ಕೆಳಗೆ, ಕಣಕಾಲ ಮೂಳೆಯ ಏಣಿನಿಂದ ಒಂದು ಬೆರಳು ಹೊರಗೆ. ಇನ್ನೂ ಹೊರಕ್ಕೆ ಹೋಗಿ, ಮಂಡಿಯ ಹೊರಬದಿಯಲ್ಲಿ ಕೈಗೆ ಸಿಗೋ ಗುಂಡು ಮೂಳೆ ಕೆಳಗೆ ಒತ್ತಿದ್ರೆ ಪಾದ ಎತ್ತೋ ನರ ಸಿಗುತ್ತೆ. ಕರೆಂಟ್ ಹೊಡೆದ ಹಾಗಾದ್ರೆ ತಕ್ಷಣ ಬಿಡಿ.

ಮರಗೆಲಸ
ಉಪಕರಣದ ಬಗ್ಗೆ ಯಾರೂ ಮಾತಾಡ್ತಿಲ್ಲ. ತಗೊಂಡ ತಕ್ಷಣ ತುದಿಯನ್ನ ಒಂದು ತುಣುಕು ಹತ್ತಿಯಿಂದ ಸುತ್ತಲೂ ಉಜ್ಜಿ. ಎಳೆ ಸಿಕ್ಕಿಕೊಂಡ ಕಡೆ ಸಿಬಿರು ಇದೆ. ಪ್ಲಾಸ್ಟಿಕ್‌ನಲ್ಲಿ ಅದು ಅಚ್ಚಿನ ಎರಡು ಭಾಗ ಕೂಡಿದ ಗೆರೆ. ಕಣ್ಣಿಗೆ ಕಾಣಲ್ಲ, ಉಗುರಿಗೆ ತಿಳಿಯುತ್ತೆ, ಚರ್ಮ ಗೀರೋದು ಅದೇ. 240 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, 400ರಲ್ಲಿ ನುಣುಪು ಮಾಡಿ. ಚೂಪು ತುದಿಯನ್ನೂ ಹೀಗೇ 8 ಮಿ.ಮೀ. ಆಗೋ ತನಕ ಮೊಂಡು ಮಾಡ್ಕೊಳ್ಳಬಹುದು, ಅರ್ಧ ಸಮಸ್ಯೆ ಅಲ್ಲೇ ತೀರುತ್ತೆ.
ಮರವನ್ನ ನೀರಲ್ಲಿ ನೆನೆಸಬೇಡಿ, ಒಣಗೋವಾಗ ಎಳೆಯ ಉದ್ದಕ್ಕೆ ಸೀಳುತ್ತೆ. ಸೋಪು ನೀರಿಗೆ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆ. ಯಾವಾಗಲಾದ್ರೂ ಮಿನರಲ್ ಆಯಿಲ್ ತೆಳ್ಳಗೆ ಸವರಿ, ಒಂದು ರಾತ್ರಿ ಬಿಟ್ಟು ಒರೆಸಿ ತೆಗೆಯಿರಿ. ಅಕ್ರಿಲಿಕ್ ಪ್ಲಾಸ್ಟಿಕ್‌ಗೆ ಸ್ಯಾನಿಟೈಸರ್ ಹಾಕಬೇಡಿ, ಕೂದಲೆಳೆ ಬಿರುಕು ಬಿಡುತ್ತೆ. ಲೋಹಕ್ಕೆ ಪರವಾಗಿಲ್ಲ.

ಉಂಗುರ
ಲೋಹ ಅಂದ್ರೆ ನೆನಪಾಯ್ತು. ಬೆರಳಿಗೆ ಉರುಳಿಸೋ ಸ್ಪ್ರಿಂಗ್ ಉಂಗುರ ಹಾಕಿದ ಮೇಲೆ ತುರಿಕೆ, ಗುಳ್ಳೆ ಬಂದ್ರೆ ನಿಕಲ್ ಅಲರ್ಜಿ ಇರಬಹುದು. ಉಂಗುರವನ್ನ ಒಂದು ನಿಮಿಷ ಮೇಲೆ-ಕೆಳಗೆ ಉರುಳಿಸಿ ತೆಗೆದಿಡಿ. ಹಾಕ್ಕೊಂಡು ಮಲಗಿದ್ರೆ ಬೆರಳು ಊದಿ ಸಿಕ್ಕಿಕೊಳ್ಳುತ್ತೆ.

ಸಂದೇಹಿ
ಆಯಸ್ಕಾಂತ ಇಟ್ಟಿರೋ ಜಿಮ್ಮಿಗೆ ದುಪ್ಪಟ್ಟು ದುಡ್ಡು ಕೇಳ್ತಾರಲ್ಲ?

ಮರಗೆಲಸ
ಆ ಆಯಸ್ಕಾಂತದಿಂದ ಯಾವ ಲಾಭವೂ ಸಾಬೀತಾಗಿಲ್ಲ. ಮೇಲಾಗಿ ಪೇಸ್‌ಮೇಕರ್ ಇರೋರು ಆಯಸ್ಕಾಂತವನ್ನ ಎದೆಯಿಂದ ಕಡೇಪಕ್ಷ 15 ಸೆಂ.ಮೀ. ದೂರ ಇಡಬೇಕು. ಕಿಡಿ ಹಾರಿಸೋ ಎಲೆಕ್ಟ್ರಾನಿಕ್ ಪೆನ್ನಂತೂ ಅವರು ಮುಟ್ಟಲೇಬಾರದು.

ಕೈಮರ
ಸರಿ. ಹಾಗಾದ್ರೆ ತುದಿ 8 ಮಿ.ಮೀ.ಗೆ ಉಜ್ಜಿ, ತಕ್ಕಡಿ ಮೇಲೆ ಕೈ ಪಳಗಿಸಿ, ಮಣಿಕಟ್ಟಿಗೆ 1 ಕಿಲೋದಿಂದ ಶುರು. ಭುಜಕ್ಕೆ ಕೊಕ್ಕೆ ಕೋಲು. ಕೊಕ್ಕೆ ಪ್ಲಾಸ್ಟಿಕ್‌ದಾ, ಲೋಹದ್ದಾ?

ಭುಜಬಲ
ಎಳೆದಾಗ ಬಾಗದೇ ಇರೋದು. ಎರಡು ತುದಿ ಹಿಡಿದು ಬಗ್ಗಿಸಿ ನೋಡಿ. ಸ್ಪ್ರಿಂಗ್ ಹಾಗೆ ಕುಣಿದ್ರೆ ಗುಬ್ಬಿ ಜಾಗ ಬಿಟ್ಟು ಜಾರುತ್ತೆ. ಗುಬ್ಬಿಯನ್ನ ಒಳಕ್ಕೆ ತಿರುಪಿನಿಂದ ಬಿಗಿದಿರಬೇಕು, ಬರೀ ಗೋಂದು ಹಾಕಿ ಅಂಟಿಸಿದ್ದು ಭುಜದ ಮೇಲೇ ಕಿತ್ತು ಬರುತ್ತೆ.